ಹಳೆಯ ಪೆನ್ ಸೆನೇಟರ್ ರೀಲ್‌ಗೆ ಮೊದಲು ಏನು ಬದಲಿಸಬೇಕು?

ಮೈಸೂರಿನಿಂದ ಮಲ್ಪೆಗೆ ಗಾಳ ಹಾಕಲು ಹೋಗುವವರು ನೀವು, ಮಾವ ಕೊಟ್ಟ ಹಳೆಯ ಪೆನ್ ಸೆನೇಟರ್ (ಗಾಳದ ದಾರ ಸುತ್ತುವ ರೀಲ್) ಇದೆ ಅಂದಿರಿ, ಅಲ್ವಾ? ಮೊದಲು ಡ್ರ್ಯಾಗ್ ವಾಷರ್, ಅಂದರೆ ಮೀನು ಎಳೆದಾಗ ದಾರ ಬಿಗಿಯಾಗಿ ಬಿಡುವಂತೆ ಉಜ್ಜಿ ತಡೆಯುವ ಬಿಲ್ಲೆ, ಬದಲಿಸಿ. ಬೇರಿಂಗ್, ಉದ್ದದ ಹಿಡಿ ಎಲ್ಲ ಆಮೇಲೆ.

ಹಳೆಯ ವಾಷರ್ ಒಣಗಿ ಗಟ್ಟಿಯಾಗಿದ್ದರೆ, ದೊಡ್ಡ ಮೀನು ಎಳೆದಾಗ ದಾರ ತಡೆದು ತಡೆದು ಬಿಡುತ್ತದೆ, ಕೊನೆಗೆ ತುಂಡಾಗುತ್ತದೆ. ಕಾರ್ಬನ್ ಫೈಬರ್ ವಾಷರ್‌ಗೆ ಡ್ರ್ಯಾಗ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ಬಿಸಿಯಾದರೂ ಒಂದೇ ಸಮ ಹಿಡಿಯುತ್ತದೆ. ಡ್ರ್ಯಾಗ್‌ನ ಬಿಗಿಯನ್ನು ಸುಮ್ನೆ ಕೈಯಲ್ಲಿ ಎಳೆದು ನೋಡಬೇಡಿ, ಸ್ಪ್ರಿಂಗ್ ತಕ್ಕಡಿ ಕಟ್ಟಿ ಅಳೆಯಿರಿ. 12 ಕೆಜಿ ತಡೆಯುವ ದಾರಕ್ಕೆ 3ರಿಂದ 4 ಕೆಜಿ ಸಾಕು. ಅದಕ್ಕಿಂತ ಜಾಸ್ತಿ ಬೇಕೆನ್ನುವವರು ಗೇರ್ ಸ್ಲೀವ್ (ಗೇರ್ ಕೂರುವ ಕೊಳವೆ) ಕೂಡ ಸ್ಟೇನ್‌ಲೆಸ್ ಸ್ಟೀಲ್‌ನದ್ದು ಹಾಕಿಸಬೇಕು, ಭಾರ ಬೀಳುವುದು ಅಲ್ಲೇ.

ಬಿಚ್ಚುವಾಗ ಹಂತಹಂತಕ್ಕೂ ಫೋಟೊ ತೆಗೆಯಿರಿ. ರೀಲ್‌ಗೆ ಹತ್ತಿದ ಉಪ್ಪನ್ನು ಮಲ್ಪೆಯಲ್ಲೇ ಸಿಹಿನೀರಿನಿಂದ ತೊಳೆಯಿರಿ, ಘಟ್ಟ ಹತ್ತುವ ತನಕ ಕಾಯಬೇಡಿ.