ಎರಡೇ ಟೈರ್ ಹಾಕಿಸೋದಾದರೆ ಹೊಸದು ಹಿಂದಕ್ಕೆ

ಮುಂದಿನ ಎರಡು ಟೈರ್ ಮಾತ್ರ ಸವೆದಿವೆ, ಎರಡೇ ಹಾಕಿಸುತ್ತೇನೆ, ಎಂಆರ್‌ಎಫ್ ಒಳ್ಳೆಯದಾ ಮಿಶೆಲಿನ್ ಒಳ್ಳೆಯದಾ, ಸ್ವಲ್ಪ ಅಗಲದ್ದು ಹಾಕಿಸಿದರೆ ಹೇಗೆ ಅಂತ ಕೇಳಿದ್ದೀರಿ. ಓದಿ ನಗು ಬಂತು. 2017ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ನಾಲ್ಕು ಅಂಗಡಿ ಸುತ್ತಿದ್ದೆ. ಕಾರೂ ಅದೇ, ಹಳೇ ಸ್ವಿಫ್ಟ್.

ಹದಿನೈದು ದಿನ ಬ್ರ್ಯಾಂಡ್ ಬಗ್ಗೆಯೇ ತಲೆಕೆಡಿಸಿಕೊಂಡೆ. ಯಾವುದು ಸದ್ದು ಕಮ್ಮಿ, ಯಾವುದು ಜಾಸ್ತಿ ಬಾಳಿಕೆ ಬರುತ್ತೆ, ಭಾವನ ಕಾರಿಗೆ ಯಾವುದಿದೆ, ಎಲ್ಲ ವಿಚಾರಿಸಿದೆ. ಕೊನೆಗೆ ಒಳ್ಳೆಯದನ್ನೇ ತಗೊಂಡೆ. ತಪ್ಪಾಗಿದ್ದು ಆಮೇಲಿನ ಎರಡು ನಿಮಿಷದಲ್ಲಿ. ಅಂಗಡಿಯ ಹುಡುಗ ಜಾಕ್ ಏರಿಸುತ್ತಾ "ಸಾರ್, ಹಿಂದಿನದನ್ನ ಮುಂದಕ್ಕೆ ತಂದು ಹೊಸದನ್ನ ಹಿಂದಕ್ಕೆ ಹಾಕ್ಲಾ? ಇನ್ನೂರು ರೂಪಾಯಿ ಜಾಸ್ತಿ ಆಗುತ್ತೆ" ಅಂದ. ದುಡ್ಡು ಕೀಳೋ ಉಪಾಯ ಅಂದುಕೊಂಡೆ. "ಬೇಡಪ್ಪ, ಕಾರು ಎಳೆಯೋದು ಮುಂದಿನ ಚಕ್ರ, ತಿರುಗೋದು ಅದೇ, ಬ್ರೇಕ್ ಜಾಸ್ತಿ ಹಿಡಿಯೋದೂ ಅದೇ, ಹೊಸದು ಮುಂದೇನೇ ಇರ್ಲಿ" ಅಂತ ಪಾಠ ಬೇರೆ ಮಾಡಿದೆ. ಪಾಪ, ಸುಮ್ಮನಾದ.

ಅದೇ ಜುಲೈನಲ್ಲಿ ಅಮ್ಮನನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಮಳೆ ಹಿಡಿದಿತ್ತು, ಮಂಜೂ ಇತ್ತು. ಸ್ಪೀಡ್ 45 ಇದ್ದಿರಬಹುದು, ಆ ರಸ್ತೆಗೆ ಅದೂ ಜಾಸ್ತಿಯೇ. ಆದರೆ ಮುಂದಿನ ಹೊಸ ಟೈರು ಎಷ್ಟು ಚೆನ್ನಾಗಿ ಕಚ್ಚಿಕೊಂಡಿತ್ತು ಅಂದರೆ ರಸ್ತೆ ಒದ್ದೆ ಅಂತ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತೇ ಆಗಲಿಲ್ಲ. ಮೋಸ ಇರೋದೇ ಅಲ್ಲಿ ನೋಡಿ. ಒಂದು ತಿರುವಿನಲ್ಲಿ ಗುಡ್ಡದಿಂದ ಇಳಿದ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಮುಂದಿನ ಚಕ್ರ ದಾಟಿತು. ಹಿಂಬದಿ ಪಕ್ಕಕ್ಕೆ ಜಾರಿತು. ಗಾಬರಿಯಲ್ಲಿ ಬ್ರೇಕ್ ಒತ್ತಿದೆ, ಇನ್ನೂ ಕೆಟ್ಟಿತು. ಕಾರು ಬುಗುರಿ ಥರ ಸುತ್ತಿ, ಹಿಂದಿನ ಚಕ್ರ ಗುಡ್ಡದ ಕಡೆಯ ಚರಂಡಿಗೆ ಬಿದ್ದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಇನ್ನೊಂದು ಪಕ್ಕದಲ್ಲಿ ಏನಿದೆ ಅಂತ ಆ ಘಾಟಿ ನೋಡಿದವರಿಗೆ ಗೊತ್ತು.

ಹಿಂದೆ ಬರುತ್ತಿದ್ದ ಬಸ್ಸಿನ ಜನ ಇಳಿದು ಎತ್ತಿಕೊಟ್ಟರು. ಹಿಂದಿನ ಆಕ್ಸಲ್ ಬಗ್ಗಿತ್ತು, 38 ಸಾವಿರ ಬಿಲ್. ಇನ್ನೂರು ಉಳಿಸಿದ್ದೆ ಅಲ್ವಾ! ಅಮ್ಮ ಅವತ್ತಿನಿಂದ ಧರ್ಮಸ್ಥಳಕ್ಕೆ ಬಸ್ಸಲ್ಲೇ ಹೋಗುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೋರಾದರೂ ಓದಿ. ಟೈರಿನ ಗೆರೆಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳೋದು. ಹೊಸ ಟೈರಲ್ಲಿ ಗೆರೆ ಸುಮಾರು 7–8 ಮಿ.ಮೀ. ಆಳ ಇರುತ್ತದೆ. ಆಮೇಲೆ ಮೆಕ್ಯಾನಿಕ್ ಗೆರೆಯ ಆಳ ಅಳೆಯುವ ಗೇಜ್ ಇಟ್ಟು ನೋಡಿದಾಗ ನನ್ನ ಹಿಂದಿನ ಟೈರಲ್ಲಿ ಉಳಿದಿದ್ದು ಎರಡೂವರೆ. ಕಾನೂನಿನ ಲೆಕ್ಕಕ್ಕೆ ಕನಿಷ್ಠ 1.6 ಇದ್ದರೆ ಸಾಕು, ಹಾಗಾಗಿ ಯಾವ ಪೊಲೀಸರೂ ತಪ್ಪು ಅನ್ನುತ್ತಿರಲಿಲ್ಲ. ಮಳೆ ಕೇಳಬೇಕಲ್ಲ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಸ್ಟೇರಿಂಗ್ ಹಗುರಾಗಿದ್ದು ಕೈಗೇ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಹಾಗಲ್ಲ. ಆಕ್ಸಿಲರೇಟರ್ ಬಿಟ್ಟರೂ ಬ್ರೇಕ್ ಒತ್ತಿದರೂ ಭಾರ ಮುಂದಕ್ಕೆ ವಾಲಿ ಹಿಂಬದಿ ಇನ್ನೂ ಹಗುರಾಗುತ್ತದೆ. ರೇಸ್ ಓಡಿಸೋರು ಸಂಭಾಳಿಸಬಹುದು, ನಾನು ನೀವು ಅಲ್ಲ. ನೀವು ಕೇಳಿದ ಮಿಶೆಲಿನ್‌ನವರೇ ಎರಡು ಹೊಸ ಟೈರ್ ಹಾಕಿಸಿದರೆ ಅವು ಹಿಂದೆ ಇರಲಿ ಅನ್ನುತ್ತಾರೆ, ಎಳೆಯೋದು ಮುಂದಿನ ಚಕ್ರವೇ ಆಗಿದ್ದರೂ.

ಆದ್ದರಿಂದ ಯಾವ ಬ್ರ್ಯಾಂಡ್ ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಅದಕ್ಕಿಂತ ಮೊದಲು ಟೈರು ತಯಾರಾದ ತಾರೀಖು ನೋಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 1824 ಅಂದರೆ 2024ರ 18ನೇ ವಾರ. ಎಷ್ಟೋ ಟೈರಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ, ರಿಮ್ಮಿಗೆ ಹಾಕುವ ಮುಂಚೆಯೇ ತಿರುಗಿಸಿ ನೋಡಿ. ಒಳಮುಖವಾಗಿ ಕೂತರೆ ಆಮೇಲೆ ಕಾರಿನ ಕೆಳಗೆ ಮಲಗಬೇಕು.

ಅಗಲದ್ದು ಬೇಡವೇ ಬೇಡ. ಅಗಲವಾದಷ್ಟೂ ಟೈರು ನೀರಿನ ಮೇಲೆ ಬೇಗ ತೇಲುತ್ತದೆ, ಮೈಲೇಜೂ ಇಳಿಯುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರೋ ಸೈಜೇ ಹಾಕಿಸಿ. ಬ್ರ್ಯಾಂಡ್ ನೀವು ಹೇಳಿದ ಎರಡರಲ್ಲಿ ಯಾವುದಾದರೂ ಸರಿ, ಎರಡೂ ಟೈರ್ ಮಾತ್ರ ಒಂದೇ ಬ್ರ್ಯಾಂಡಿನದಾಗಿರಲಿ. ದುಡ್ಡು ಕೊಡುವ ಮುಂಚೆ ಹಿಂದಿನ ಟೈರಿಗೂ ಗೇಜ್ ಇಡೋಕೆ ಹೇಳಿ. 3 ಮಿ.ಮೀ.ಗಿಂತ ಕೆಳಗೆ ಬಂದರೆ ಎರಡರ ಲೆಕ್ಕ ಬಿಟ್ಟು ನಾಲ್ಕೂ ಹಾಕಿಸಿಬಿಡಿ.