ಕೈಯಲ್ಲಿ 10,000 ರೂಪಾಯಿ, ಪ್ಲ್ಯಾನಲ್ಲಿ 14 ಫೋಕಸ್ ಗ್ರೂಪ್

ಪ್ರಶ್ನೆ: ನಾನು ರಾಯಚೂರಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಕೊನೇ ವರ್ಷ ಓದ್ತಿದೀನಿ. ಕಾಲುವೆ ನೀರು ಬಂದ್ರೆ, ಬರದಿದ್ರೆ ಭತ್ತದ ನಾಟಿ ಮಾಡೋ ಕೂಲಿ ಹೆಣ್ಮಕ್ಕಳ ಬದುಕು ಹೆಂಗಿರತ್ತೆ ಅನ್ನೋದು ನನ್ನ ಪ್ರಬಂಧದ ವಿಷಯ. ಜಿಲ್ಲೆಯ 7 ತಾಲೂಕಲ್ಲಿ ತಲಾ 2 ಅಂತ 14 ಫೋಕಸ್ ಗ್ರೂಪ್ (ಕೆಲವರನ್ನ ಒಟ್ಟಿಗೆ ಕೂರಿಸಿ ಒಂದು ವಿಷಯದ ಮೇಲೆ ಮಾತಾಡಿಸೋದು) ಮಾಡ್ಬೇಕಂತಿದೀನಿ, ಆದ್ರೆ ಇರೋದು 10,000 ರೂಪಾಯಿ ಅಷ್ಟೇ. ಸಿಂಧನೂರಲ್ಲಿ ಚಿಕ್ಕಮ್ಮ ಇದಾರೆ. ಒಂದೊಂದು ಗ್ರೂಪಿಗೆ ಜನ ಕಡಿಮೆ ಮಾಡ್ಲಾ, ಇಲ್ಲಾ ಫೋನಲ್ಲೇ ಮುಗಿಸ್ಲಾ?

ಉತ್ತರ: ಎರಡೂ ಬ್ಯಾಡ್ರಿ, ಊರು ಕಡಿಮೆ ಮಾಡ್ರಿ. ನಿಮ್ಮ ಪ್ರಶ್ನೆ ಇರೋದು ನೀರಿನ ಮೇಲೆ, ತಾಲೂಕಿನ ಮೇಲೆ ಅಲ್ಲ. ದೇವದುರ್ಗ, ಲಿಂಗಸುಗೂರು ಕಡೆ ಕಾಲುವೆ ನೀರು ಬಹುತೇಕ ನಾರಾಯಣಪುರ ಡ್ಯಾಮಿಂದು, ಅದು ಕೃಷ್ಣಾ ನದಿ, ಅದರ ಕಥೀನೇ ಬ್ಯಾರೆ, ಸುಮ್ನೆ ಕೈಬಿಡ್ರಿ. ತುಂಗಭದ್ರಾ ಎಡದಂಡೆ ಕಾಲುವೆ ಒಂದನ್ನೇ ಹಿಡೀರಿ, 227 ಕಿಲೋಮೀಟರ್ ಉದ್ದ ಅದು, ನೀರು ಮೊದ್ಲು ಸಿಗೋ ಮೇಲ್ಭಾಗದ ಗಂಗಾವತಿ ಕಾರಟಗಿ ಕಡೆ 2 ಗ್ರೂಪ್, ನೀರು ಸರಿಯಾಗಿ ಮುಟ್ಟದ ಕೊನೇ ಭಾಗದ ಸಿರವಾರ ಮಾನ್ವಿ ಕಡೆ 2 ಗ್ರೂಪ್, ಅಲ್ಲಿಗೆ 4. ಕಾರಟಗಿ ಕೊಪ್ಪಳ ಜಿಲ್ಲೆ ಆಯ್ತಲ್ಲ ಅಂತ ಗೈಡ್ ತಕರಾರು ತೆಗೀಬಹುದು, ಕಾಲುವೆ ಜಿಲ್ಲೆ ಗಡಿ ನೋಡಿ ಹರಿಯಲ್ಲ ಸರ್ ಅಂತ ಹೇಳ್ರಿ. ನಾಲ್ಕನೇದ್ರಲ್ಲೂ ಹೊಸ ಮಾತು ಬರ್ತಾನೇ ಇದ್ರೆ ಐದನೇದು ಮಾಡಿದ್ರಾಯ್ತು.

ಜನ 6ರಿಂದ 8 ಇರ್ಲೇಬೇಕು. 4 ಮಂದಿ ಆದ್ರೆ ಅದ್ರಾಗೆ ಒಬ್ಬಾಕಿ ಮಾತಾಡ್ತಾಳೆ, ಉಳಿದವ್ರು ಹೌದ್ ಹೌದ್ ಅಂತಾರೆ. 10 ಮಂದಿಗೆ ಹೇಳಿರ್ರಿ, 7 ಬರ್ತಾರೆ. ಫೋನು ಕಾಲೇಜ್ ಹುಡುಗರಿಗೆ ಸರಿ, ದಿನವೆಲ್ಲಾ ಕೆಸರಲ್ಲಿ ಬಗ್ಗಿ ಬಂದಾಕಿ ಗಂಡನ ಫೋನ್ ಇಸ್ಕೊಂಡು ಕೂಲಿ ವಿಷಯ ಏನ್ ಮಾತಾಡ್ತಾಳ್ರಿ?

ಮೇಸ್ತ್ರಿ ವಿಷಯದಲ್ಲಿ ಮಾತ್ರ ಹುಷಾರ್. ಎಕರೆಗೆ ಇಷ್ಟು ಅಂತ ನಾಟಿ ಗುತ್ತಿಗೆ ಹಿಡಿಯೋಳು ಆಕಿ, ಹೆಣ್ಮಕ್ಕಳನ್ನ ಕರ್ಕೊಂಡು ಬರೋಳೂ ಆಕೀನೇ. ನಾನು ಒಂದ್ಸಲ ಆಟೋ ಖರ್ಚು ಉಳೀತಲ್ಲ ಅಂತ ಎಲ್ಲಾ ಆಕಿಗೇ ಬಿಟ್ಟೆ, ಆಕಿ ಬಂದು ನಡುವೆ ಕುಂತ್ಳು, ಒಂದೂವರೆ ತಾಸು ರೆಕಾರ್ಡ್ ಆಯ್ತು, ಕೂಲಿ ಬಗ್ಗೆ ಒಂದು ಮಾತಿಲ್ಲ. ಆಕಿ ಜತೆ ಬೇರೆ ಕುಂತು ಮಾತಾಡ್ರಿ, ಗ್ರೂಪಲ್ಲಿ ಬ್ಯಾಡ. ಹೊಲದ ಮಾಲಕರ ಮನೆ ಕಟ್ಟೆ ಮೇಲಂತೂ ಕುಂದ್ರಿಸಲೇಬ್ಯಾಡ್ರಿ, ಅಂಗನವಾಡಿ ಕೇಳ್ರಿ.

ಈಗ ದುಡ್ಡಿನ ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ಆರ್ಡಿನರಿ ಬಸ್ಸಲ್ಲಿ ನಿಮಗೂ ನೋಟ್ಸ್ ಬರ್ಕೊಳ್ಳೋ ಗೆಳತಿಗೂ ಟಿಕೆಟ್ ಖರ್ಚಿಲ್ಲ, ಆಧಾರ್ ಮರೀಬ್ಯಾಡ್ರಿ. ಖರ್ಚು ಬರೋದು ಮೇನ್ ರೋಡಿಂದ ಒಳಗೆ, ಗ್ರೂಪಿಗೆ 400ರಂತೆ ಆಟೋ 1,600 ಇಟ್ಕೊಳ್ರಿ. ಗೆಳತಿಗೆ 500ರಂತೆ 2,000, ಇದನ್ನ ಉಳಿಸೋಕೆ ಹೋಗ್ಬ್ಯಾಡ್ರಿ, ಮಾತೂ ಆಡಿಸಿ ನೋಟ್ಸೂ ಬರೀತೀನಿ ಅಂದ್ರೆ ಎರಡೂ ಕೆಡ್ತವೆ. ಬಂದವ್ರಿಗೆ ತಲಾ 100, ಗ್ರೂಪಿಗೆ ಹೆಚ್ಚೆಂದ್ರೆ 8 ಅಂತ ಹಿಡಿದ್ರೆ 32 ಮಂದಿ, ಅದು 3,200. ಚಾ, ಮಿರ್ಚಿ, ಮಂಡಾಳ ಒಗ್ಗರಣಿಗೆ 300ರಂತೆ 1,200. ಒಟ್ಟು 8,000 ಆಯ್ತು. ಉಳಿದ 2,000 ಮುಟ್ಟಬ್ಯಾಡ್ರಿ, ಒಂದು ಊರಲ್ಲಿ ಸಾವೋ ಮದುವೆನೋ ಆಗಿ ವಾಪಸ್ ಬರೋದು ಗ್ಯಾರಂಟಿ.

ಟೈಮು ರಾತ್ರಿ ಊಟ ಆದ್ಮೇಲೆ. ಆಗ ವಾಪಸ್ ಬಸ್ ಸಿಗಲ್ಲ, ಅದಕ್ಕೇ ಕಾರಟಗಿ ಕಡೆ ಎರಡನ್ನೂ ಬೆನ್ನುಬೆನ್ನಿಗೆ ಎರಡು ರಾತ್ರಿ ಇಟ್ಕೊಂಡು ಆಟೋದವನಿಗೆ ಕಾಯೋಕೆ ಹೇಳಿ ಚಿಕ್ಕಮ್ಮನ ಮನೆಗೆ ಬಂದ್ಬಿಡ್ರಿ. ಸಿರವಾರ ಕಡೆ ಅಮಾಸಿಗೆ ಕೆಲಸ ಬಿಡ್ತಾರಾ ಕೇಳ್ಕೊಳ್ರಿ, ಬಿಟ್ರೆ ಹಗಲೇ ಮುಗೀತು. ನಾಟಿ ಜೋರಿದ್ದಾಗ ಮಾತ್ರ ಹೋಗ್ಬ್ಯಾಡ್ರಿ, ಯಾರೂ ಸಿಗಲ್ಲ.

ಇನ್ನೊಂದು, ಊರು ಆರಿಸುವಾಗ ಕ್ಯಾಂಪಾ (ಆಂಧ್ರ ಕಡೆಯಿಂದ ಬಂದು ನೆಲೆಸಿದವ್ರ ಊರು) ಹಳ್ಳೀನಾ ನೋಡ್ರಿ. ಕ್ಯಾಂಪಲ್ಲಿ ತೆಲುಗು ಮನೆಮಾತಿನವ್ರು ಜಾಸ್ತಿ, ನಿಮಗೆ ತೆಲುಗು ಬರದಿದ್ರೆ ಬರೋ ಗೆಳತೀನೇ ಕರ್ಕೊಂಡ್ ಹೋಗ್ರಿ.