ಓದುಗರ ಪ್ರಶ್ನೆ: ಅಣ್ಣನೂ ನಾನೂ ಸುಳ್ಳು ಹೇಳಿಕೊಂಡ ಸಿನಿಮಾ

ಪ್ರಶ್ನೆ: ಮೇಡಂ, ಇದು ಸಂಸಾರದ ತಾಪತ್ರಯ ಅಲ್ಲ, ಆರೋಗ್ಯದ್ದೂ ಅಲ್ಲ. ದಯವಿಟ್ಟು ನಗಬೇಡಿ. 2002ರಲ್ಲಿ ಮೊದಲನೇ ‘ಸ್ಪೈಡರ್‌ಮ್ಯಾನ್’ ಬಂದಾಗ ನನಗೆ ಹತ್ತು ವರ್ಷ. ಅಣ್ಣ ಕರೆದುಕೊಂಡು ಹೋಗಿದ್ದ. ಮನೆಗೆ ಬಂದವನೇ ಕಾಂಪೌಂಡ್ ಗೋಡೆ ಹತ್ತಲು ಹೋಗಿ ಮೊಣಕೈ ತರಚಿಕೊಂಡೆ, ಬೈಸಿಕೊಂಡಿದ್ದು ಅಣ್ಣ. 2004ರಲ್ಲಿ ಎರಡನೆಯದು ಬಂತು, ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೂರನೆಯದು 2007ರ ಮೇ ತಿಂಗಳಲ್ಲಿ. ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟ್‌ಗೆ ಕಾಯುತ್ತಿದ್ದೆ. ರಾಜಾಜಿನಗರದಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಬ್ರಿಗೇಡ್ ರಸ್ತೆ ಕಡೆಗೆ ಇನ್ನೊಂದು. ಟಿಕೆಟ್ ಅಣ್ಣನ ಮೊದಲ ಸಂಬಳದ್ದು. ಇಂಟರ್ವಲ್‌ನಲ್ಲಿ ಇಬ್ಬರೂ ಸುಮ್ನೆ ಪಫ್ ತಿಂದೆವು, ಒಂದು ಮಾತಾಡಲಿಲ್ಲ. ಸಿನಿಮಾ ಬಿಟ್ಟ ಮೇಲೆ ಅಣ್ಣ ‘ಚೆನ್ನಾಗಿತ್ತು ಕಣೋ, ಅಲ್ವಾ?’ ಅಂದ. ‘ಸೂಪರ್ ಅಣ್ಣ’ ಅಂದೆ. ಇಬ್ಬರೂ ಹೇಳಿದ್ದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

ಈಗ ಅಣ್ಣ ಹೊರದೇಶದಲ್ಲಿದ್ದಾನೆ. ಹೋದ ತಿಂಗಳು ಏಳು ವರ್ಷದ ಮಗಳಿಗೆ ಮೂರೂ ಸಿನಿಮಾ ತೋರಿಸಿದೆ. ಮೂರನೆಯದರಲ್ಲಿ ಹೀರೋ ಬೀದಿಯಲ್ಲಿ ಕುಣಿಯುವ ಸೀನ್ ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು, ನನಗೆ ಸಿಟ್ಟು ಬಂತು. ಆಫೀಸಿನಲ್ಲಿ ಯಾರಾದರೂ ಈ ಸಿನಿಮಾ ಬೈದರೆ ಅದರ ಪರ ವಾದ ಮಾಡುತ್ತೇನೆ, ಹೊಗಳಿದರೆ ನಾನೇ ತಪ್ಪು ಹುಡುಕುತ್ತೇನೆ. ನನಗೆ ಈ ಸಿನಿಮಾ ಇಷ್ಟಾನಾ, ಇಲ್ವಾ?

- ಓದುಗ, ರಾಜಾಜಿನಗರ. (ಹೆಸರು ಹಾಕಬೇಡಿ, ನನ್ನ ಹೆಂಡತಿ ನಿಮ್ಮ ಪತ್ರಿಕೆ ಓದುತ್ತಾಳೆ.)

ಉತ್ತರ: ನಗಲಿಲ್ಲ. ಸರಿ, ಹೆಂಡತಿಯ ವಿಷಯಕ್ಕೆ ಸ್ವಲ್ಪ ನಕ್ಕೆ.

ನಿಮ್ಮ ಪತ್ರ ಬಂದ ಮೇಲೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಆ ಮೂರನೇ ಸಿನಿಮಾ ಮತ್ತೆ ನೋಡಿದೆ. 2 ಗಂಟೆ 19 ನಿಮಿಷ. ಒಂದೇ ಛತ್ರದಲ್ಲಿ ಒಂದೇ ಮುಹೂರ್ತಕ್ಕೆ ಮೂರು ಮದುವೆ ಇಟ್ಟುಕೊಂಡ ಹಾಗಿದೆ. ಒಂದು ಕಡೆ ಮರಳಿನ ಮನುಷ್ಯ ಸ್ಯಾಂಡ್‌ಮ್ಯಾನ್, ಒಂದು ಕಡೆ ಅಪ್ಪನ ಸಾವಿಗೆ ಸೇಡು ತೀರಿಸಲು ಬಂದ ಗೆಳೆಯ ಹ್ಯಾರಿ, ಇನ್ನೊಂದು ಕಡೆ ಆಕಾಶದಿಂದ ಬಿದ್ದ ಕಪ್ಪು ಅಂಟು, ಅದರಿಂದ ಹುಟ್ಟುವ ವೆನಮ್. ಅಕ್ಷತೆ ಯಾರ ತಲೆಗೆ ಹಾಕಬೇಕೋ ಗೊತ್ತಾಗುವುದಿಲ್ಲ. ಅಂದಹಾಗೆ ಆ ಅಂಟು ಹೊತ್ತು ತಂದ ಉಲ್ಕೆ, ಅಷ್ಟು ದೊಡ್ಡ ನ್ಯೂಯಾರ್ಕ್ ಬಿಟ್ಟು, ಪೀಟರ್, ಅಂದರೆ ನಮ್ಮ ಸ್ಪೈಡರ್‌ಮ್ಯಾನ್, ಪಾರ್ಕ್‌ನಲ್ಲಿ ಗೆಳತಿ ಜೊತೆ ನಕ್ಷತ್ರ ನೋಡುತ್ತಾ ಮಲಗಿದ್ದಾಗ ಅವನ ಪಕ್ಕದಲ್ಲೇ ಬೀಳಬೇಕಾ?

ಇದರ ಹಿಂದಿನ ಕಥೆ ಗೊತ್ತಾದರೆ ನಿಮ್ಮ ಸಿಟ್ಟು ಎಲ್ಲಿಗೆ ಹೋಗಬೇಕು ಅಂತ ನಿಮಗೇ ಗೊಂದಲ ಆಗಬಹುದು. ನಿರ್ದೇಶಕ ಸ್ಯಾಮ್ ರೇಮಿಗೆ ಇಷ್ಟ ಇದ್ದಿದ್ದು ಹಳೇ ಕಾಮಿಕ್ಸ್ ಖಳರು. ಸ್ಯಾಂಡ್‌ಮ್ಯಾನ್ 1963ರವನು. ವೆನಮ್ ಪೂರ್ತಿ ರೂಪದಲ್ಲಿ ಬಂದಿದ್ದು 1988ರಲ್ಲಿ, ಅವನ ಮೇಲೆ ರೇಮಿಗೆ ಅಂಥ ಪ್ರೀತಿ ಇರಲಿಲ್ಲ. ಅಭಿಮಾನಿಗಳು ಕೇಳುತ್ತಿದ್ದಾರೆ, ಹಾಕಲೇಬೇಕು ಅಂತ ನಿರ್ಮಾಪಕ ಆವಿ ಅರಾದ್ ಒತ್ತಾಯ ಮಾಡಿದರು. ಅಂದರೆ, ಸ್ವಾಮಿ, ಕೇಳಿದವರು ನೀವೇ! ಕೇಳಿದ್ದನ್ನು ಮನಸ್ಸಿಲ್ಲದ ಕೈಯಲ್ಲಿ ಬಡಿಸಿದರು, ಅದಕ್ಕೇ ಉಪ್ಪು ಹತ್ತಲಿಲ್ಲ. ‘ಎಲ್ಲ ಪಾತ್ರಗಳ ಮೇಲೂ ನನಗೆ ನಂಬಿಕೆ ಇರಲಿಲ್ಲ, ಸ್ಪೈಡರ್‌ಮ್ಯಾನನ್ನು ಪ್ರೀತಿಸುವವರಿಂದ ಅದನ್ನು ಮುಚ್ಚಿಡಲು ಆಗಲಿಲ್ಲ’ ಅನ್ನುವ ಅರ್ಥದಲ್ಲಿ ರೇಮಿಯೇ ಮುಂದೆ ಒಂದು ಸಲ ಒಪ್ಪಿಕೊಂಡರು. ನಿಮ್ಮಿಬ್ಬರ ಬಾಯಿ ಇಂಟರ್ವಲ್‌ನಲ್ಲಿ ಕಟ್ಟಿದ್ದು ಸುಮ್ಮನೆ ಅಲ್ಲ.

ಹ್ಯಾರಿಯ ಕಥೆಯಂತೂ ನನಗೆ ತವರಿಗೆ ಹೋದ ಹಾಗಾಯಿತು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು, ಬೇಕಾದ ಹೊತ್ತಿಗೆ ವಾಪಸ್ ಬರುವುದು, ಇದೆಲ್ಲ ನಮ್ಮ ಹಳೇ ಸಿನಿಮಾಗಳ ಸ್ವಂತ ಆಸ್ತಿ ಅಂದುಕೊಂಡಿದ್ದೆ. ಆಮೇಲೆ ಮನೆಯ ಹಳೇ ಆಳು ಬಂದು, ಬುದ್ಧಿಯವರೇ ನಿಮ್ಮ ತಂದೆ ಸತ್ತಿದ್ದು ಹೀಗಲ್ಲ ಹೀಗೆ ಅಂತ ಸತ್ಯ ಬಿಡಿಸಿ ಹೇಳುತ್ತಾನೆ. ಗಾಯ ತೊಳೆದವನೇ ಅವನು! ಇಷ್ಟು ವರ್ಷ ಏನು ಮಾಡುತ್ತಿದ್ದೆಯಪ್ಪ?

ಇವೆಲ್ಲ ತಮಾಷೆಗೆ. ನಿಮಗೆ ನಿಜವಾಗಿ ಚುಚ್ಚಿದ್ದು ಬೇರೆ ಅನ್ನಿಸುತ್ತದೆ. ಮೊದಲ ಸಿನಿಮಾದಲ್ಲಿ ಪೀಟರ್ ಒಬ್ಬ ಕಳ್ಳನನ್ನು ಬೇಕಂತಲೇ ಬಿಟ್ಟುಬಿಡುತ್ತಾನೆ, ಆ ಕಳ್ಳನ ಕೈಯಲ್ಲೇ ಚಿಕ್ಕಪ್ಪ ಬೆನ್ ಸಾಯುತ್ತಾರೆ. ಆ ಹುಡುಗ ಎರಡು ಸಿನಿಮಾ ಪೂರ್ತಿ ಹೆಗಲ ಮೇಲೆ ಹೊತ್ತಿದ್ದು ಅದನ್ನೇ. ಮೂರನೆಯದರಲ್ಲಿ ಪೊಲೀಸರು ಕರೆದು, ಗುಂಡು ಹಾರಿಸಿದವನು ಆ ಕಳ್ಳ ಅಲ್ಲ, ಅವನ ಜೊತೆಗಾರ, ಇದೇ ಸ್ಯಾಂಡ್‌ಮ್ಯಾನ್ ಅನ್ನುತ್ತಾರೆ. ಹತ್ತು ವರ್ಷದ ಹುಡುಗನಾಗಿ ನೀವು ನಂಬಿದ ಕಥೆಯ ಬುಡಕ್ಕೇ ಕೈ ಹಾಕಿದರು. ವೆನಮ್ ಕೆಟ್ಟದಾಗಿದ್ದರೆ ಇರಲಿ, ಇದನ್ನು ಮಾಡಬಾರದಿತ್ತು. ನಾನು ಜಗಳ ಆಡುವುದಾದರೆ ಇದೊಂದಕ್ಕೆ ಆಡುತ್ತೇನೆ.

ಇನ್ನು ಡ್ಯಾನ್ಸ್. ಇಲ್ಲಿ ನಾನು ನಿಮ್ಮ ಮಗಳ ಪಕ್ಷ. ಅದು ನಗಲಿಕ್ಕೇ ಇರುವುದು. ಕಪ್ಪು ಅಂಟು ಮೈಗೆ ಹತ್ತಿ ಪೀಟರ್ ಕೆಟ್ಟವನಾಗುತ್ತಾನೆ, ಆದರೆ ಆ ಪೆದ್ದುಮುಂಡೇದಕ್ಕೆ ಕೆಟ್ಟವನಾಗುವುದು ಹೇಗೆ ಅಂತ ಗೊತ್ತಿಲ್ಲ. ಕೂದಲು ಹಣೆಗೆ ಇಳಿಸಿಕೊಂಡು, ಹೋಗಿಬರುವ ಹುಡುಗಿಯರಿಗೆಲ್ಲ ಬೆರಳು ತೋರಿಸಿಕೊಂಡು ನಡೆಯುತ್ತಾನೆ. ಅವರ ಮುಖ ನೋಡಿ, ಹುಳಿ ಕಚ್ಚಿದ ಹಾಗಿದೆ. ಹೊಸ ಸಿನಿಮಾ ಬಂದ ವಾರ ಬಸ್‌ಸ್ಟಾಪಿನಲ್ಲಿ ಕಾಲರ್ ಎತ್ತಿ ನಿಲ್ಲುವ ಪಿಯುಸಿ ಹುಡುಗರ ಥರವೇ ಇವನು. ಹದಿನೈದು ವರ್ಷದ ನೀವು ನಗಲಿಲ್ಲ, ಯಾಕೆಂದರೆ ಅವನ ಮರ್ಯಾದೆ ನಿಮ್ಮ ಮರ್ಯಾದೆ ಆಗಿತ್ತು. ಏಳು ವರ್ಷದವಳಿಗೆ ಆ ಭಾರ ಇಲ್ಲ. ಸಿನಿಮಾ ಎಡವಿದ್ದು ಅದರ ನಂತರದ ಸೀನಿನಲ್ಲಿ. ಜಾಝ್ ಕ್ಲಬ್ಬಿನಲ್ಲಿ ಗೆಳತಿಯನ್ನು ಅವಮಾನ ಮಾಡಿ, ಹೊಡೆದಾಟದ ನಡುವೆ ಅವಳಿಗೇ ಏಟು ಕೊಟ್ಟು ಬೀಳಿಸುತ್ತಾನೆ. ಈಗಷ್ಟೇ ನಗಿಸಿ ತಕ್ಷಣ ಅಲ್ಲಿಗೆ ಕರೆದೊಯ್ದರೆ ನೋಡುವವರು ಮುಖ ಎಲ್ಲಿ ಇಟ್ಟುಕೊಳ್ಳಬೇಕು?

ಪತ್ರದಲ್ಲಿ ನೀವು ಬರೆಯದೇ ಬಿಟ್ಟ ಸೀನ್ ಒಂದಿದೆ. ಸ್ಯಾಂಡ್‌ಮ್ಯಾನ್ ಹುಟ್ಟುವುದು. ಅದನ್ನು ಎರಡು ಸಲ ಹಿಂದೆ ಹಾಕಿ ನೋಡಿದೆ. ಮಾತಿಲ್ಲ. ಒಂದು ಮರಳ ಕಣ ಉರುಳುತ್ತದೆ, ಇನ್ನೊಂದು, ಆಮೇಲೆ ಗುಡ್ಡೆ. ಗುಡ್ಡೆಯೊಳಗಿಂದ ಹೆಗಲು, ತಲೆ. ಎದ್ದು ನಿಲ್ಲುವಷ್ಟರಲ್ಲಿ ಕುಸಿಯುತ್ತದೆ. ಎದುರಿಗೆ ಬಿದ್ದಿರುವ ಲಾಕೆಟ್ ಎತ್ತಿಕೊಳ್ಳಲು ಕೈ ಚಾಚಿದರೆ ಬೆರಳೇ ಪುಡಿಪುಡಿ. ಮತ್ತೆ ಕೈ ಕಟ್ಟಿಕೊಂಡು ಮತ್ತೆ ಚಾಚುತ್ತಾನೆ. ಆ ಲಾಕೆಟ್‌ನಲ್ಲಿ ಇರುವುದು ಅವನ ಕಾಯಿಲೆ ಮಗಳ ಫೋಟೊ. ಎಲ್ಲೂ ನಂಬಿಕೆ ಇಲ್ಲದ ಕೈ ಮಾಡಿದ ಕೆಲಸ ಅಲ್ಲ ಅದು. 2007ರಲ್ಲಿ ನಿಮಗೆ ಅದು ಗ್ರಾಫಿಕ್ಸ್ ಆಗಿ ಕಂಡಿರಬಹುದು. ಹೋದ ತಿಂಗಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಾಗ ಹೇಗಿತ್ತು?

ಲೆಕ್ಕಕ್ಕೆ ಹೇಳುತ್ತೇನೆ, ಈ ಸಿನಿಮಾ ಜಗತ್ತಿನಾದ್ಯಂತ ಸುಮಾರು 89 ಕೋಟಿ ಡಾಲರ್ ದುಡಿಯಿತು, ಮೂರರಲ್ಲಿ ಜಾಸ್ತಿ ಇದೇ. ದುಡ್ಡು ಕೊಟ್ಟವರಲ್ಲಿ ಎಷ್ಟು ಜನ ‘ಚೆನ್ನಾಗಿತ್ತು ಕಣೋ’ ಅಂದುಕೊಂಡು ಮನೆಗೆ ಹೋದರೋ. ನಾಲ್ಕನೆಯದು 2010ರಲ್ಲಿ ನಿಂತೇಹೋಯಿತು, 2012ಕ್ಕೆ ಬೇರೆ ಹುಡುಗನನ್ನು ಹಾಕಿ ಕಥೆ ಮೊದಲಿಂದ ಶುರು ಮಾಡಿದರು. ನಿಮ್ಮ ಹಳೇ ಹೀರೋ ಟೋಬಿ ಮಗ್ವಾಯರ್ ಆ ಡ್ರೆಸ್ ಹಾಕಿಕೊಂಡು ಮತ್ತೆ ಬಂದಿದ್ದು 2021ರ ಕೊನೆಗೆ. ನೀವು ಅವತ್ತು ಥಿಯೇಟರಿನಲ್ಲಿ ಶಿಳ್ಳೆ ಹಾಕಿರುತ್ತೀರಿ, ಬರೆದಿಲ್ಲ ಅಷ್ಟೆ.

ಹಾಗಾಗಿ ಉತ್ತರ: ನಿಮಗೆ ಇದರಲ್ಲಿ ಮೂರನೇ ಒಂದು ಪಾಲು ತುಂಬಾ ಇಷ್ಟ, ಉಳಿದದ್ದು ಇಷ್ಟ ಇಲ್ಲ. ಆಫೀಸಿನವರ ಹತ್ತಿರ ವಾದ ಮಾಡುವಾಗ ಯಾವ ಪಾಲು ಅಂತ ಮೊದಲು ಕೇಳಿ. ಇನ್ನು ಆ ಸುಳ್ಳು. ಅಣ್ಣ ಮೊದಲ ಸಂಬಳದಲ್ಲಿ ತಮ್ಮನನ್ನು ಕರೆದುಕೊಂಡು ಬಂದಿದ್ದಾನೆ, ಸಿನಿಮಾ ಚೆನ್ನಾಗಿರಲಿಲ್ಲ ಅನ್ನಲು ಅವನಿಗೆ ಬಾಯಿ ಬರುತ್ತಾ? ಅವನ ದುಡ್ಡು ಅಂತ ಗೊತ್ತಿರುವ ನಿಮಗೆ ಬರುತ್ತಾ? ಫೋನ್ ಮಾಡಿ ಕೇಳಿ. ನೀವು ನೋಡಿದ್ದು ಯಾವ ಥಿಯೇಟರೋ ಬರೆದಿಲ್ಲ. ಆ ಕಡೆ ಪ್ಲಾಜಾ ಇಲ್ಲ, ಗ್ಯಾಲಕ್ಸಿ ಇಲ್ಲ, ರೆಕ್ಸ್ ಕೂಡ 2018ರ ಕೊನೆಗೆ ಮುಚ್ಚಿತು. ಆ ಸಂಜೆಗೆ ಉಳಿದಿರುವ ಸಾಕ್ಷಿ ನಿಮ್ಮಣ್ಣ ಒಬ್ಬನೇ.

ಪ್ರಶ್ನೆ: ಎರಡನೇ ಭಾಗ ಯಾವತ್ತೂ ಮೊದಲಿನಷ್ಟು ಚೆನ್ನಾಗಿರಲ್ಲ ಅಂತಾರೆ. ನಿಜಾನಾ?
- ಓದುಗಿ, ಬನಶಂಕರಿ

ಉತ್ತರ: ಮೇಲಿನ ಪತ್ರದವರನ್ನೇ ಕೇಳಿ. 2004ರ ‘ಸ್ಪೈಡರ್‌ಮ್ಯಾನ್ 2’ಗೆ ವಿಷುಯಲ್ ಎಫೆಕ್ಟ್ಸ್ ವಿಭಾಗದಲ್ಲಿ ಆಸ್ಕರ್ ಬಂತು. ನನಗೆ ನೆನಪಿರುವುದು ಎಫೆಕ್ಟ್ಸ್ ಅಲ್ಲ. ಓಡುವ ರೈಲನ್ನು ನಿಲ್ಲಿಸಿ, ಮುಖವಾಡ ಇಲ್ಲದೆ ಪ್ರಜ್ಞೆ ತಪ್ಪಿ ಬೀಳುವ ಹುಡುಗನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಗೆ ಕೈ ದಾಟಿಸಿ ಒಳಗೆ ಮಲಗಿಸುತ್ತಾರಲ್ಲ, ರಷ್ ಇರುವ ಬಿಎಂಟಿಸಿ ಬಸ್ಸಿನಲ್ಲಿ ಹಿಂದಿನವರ ಚಿಲ್ಲರೆ ಕಂಡಕ್ಟರ್ ತನಕ ಹೋಗುವ ಹಾಗೆ, ಅದು. ಅದರಲ್ಲಿ ಖಳ ಒಬ್ಬನೇ ಇದ್ದ ಅನ್ನುವುದನ್ನೂ ಗಮನಿಸಿ.

ಪ್ರಶ್ನೆ: ಈ ಸ್ಪೈಡರ್‌ಮ್ಯಾನ್ ಕನ್ನಡ ಮಾತಾಡಿದ್ದು ಯಾವಾಗ? ಅಥವಾ ಮಾತಾಡೇ ಇಲ್ವಾ?
- ಓದುಗ, ಯಶವಂತಪುರ

ಉತ್ತರ: ಹೊಟ್ಟೆ ಉರಿಸಬೇಡಿ. 2007ರಲ್ಲಿ ಇದೇ ಮೂರನೇ ಭಾಗ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಭೋಜಪುರಿಯಲ್ಲೂ ಬಂತು, ಕನ್ನಡದಲ್ಲಿ ಬರಲಿಲ್ಲ. ಆಗ ಇಲ್ಲಿ ಡಬ್ಬಿಂಗ್ ಅಂದರೆ ಬಾಗಿಲು ಹಾಕಿದ್ದರು. ನಮ್ಮ ಚಿತ್ರರಂಗದ ಕೆಲಸ ಹೋಗುತ್ತದೆ ಅನ್ನುವ ಭಯ, ಅದರಲ್ಲಿ ಸತ್ಯ ಇರಲಿಲ್ಲ ಅಂತಲೂ ಹೇಳಲಾರೆ. 2015ರಲ್ಲಿ ಸ್ಪರ್ಧಾ ಆಯೋಗ (ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಗಾಲು ಹಾಕದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. 2023ರಲ್ಲಿ ಅನಿಮೇಷನ್ ಸ್ಪೈಡರ್‌ಮ್ಯಾನ್ ಇಂಗ್ಲಿಷಿನ ಜೊತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ನಾನು ನೋಡಿದ್ದು ಮಾತ್ರ ಇಂಗ್ಲಿಷಿನದು. ಮನೆ ಹತ್ತಿರದ ಮಾಲ್‌ನಲ್ಲಿ ಸಂಜೆ ಶೋಗೆ ಅದೇ ಇತ್ತು, ಮಳೆ ಬೇರೆ ಬರುತ್ತಿತ್ತು.